ಹಾಡುವ ನಟರ ಉಸಿರು ಕಾಣುವಷ್ಟು ಹತ್ತಿರ: ದಾವಣಗೆರೆಯಲ್ಲಿ ಕುಳಿತು ನೋಡಿದ ‘ಹ್ಯಾಮಿಲ್ಟನ್’

ಪ್ರೇಕ್ಷಕರು ಎದುರಿಗೆ ಕುಳಿತಿರುವಾಗಲೇ, ರಂಗದ ಮೇಲೆ ನಡೆಯುತ್ತಿರುವ ಸಂಗೀತ ನಾಟಕವನ್ನು ಹಲವು ಕ್ಯಾಮೆರಾಗಳಿಟ್ಟು ಚಿತ್ರೀಕರಿಸಿ ಮನೆಗಳಿಗೆ ತಲುಪಿಸುವ ಪದ್ಧತಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಸಾಕಷ್ಟು ಹಳೆಯದು. ಆದರೆ ನಮ್ಮ ಕಡೆಯ ರಂಗಾಸಕ್ತರಲ್ಲಿ ಅನೇಕರು ಅದನ್ನು ಮೊದಲು ಕಂಡದ್ದು 2020ರ ಜುಲೈನಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಹಾಟ್‌ಸ್ಟಾರ್ ಮೂಲಕ ಬಂದ ‘ಹ್ಯಾಮಿಲ್ಟನ್’ ಎಂಬ ಎರಡು ಗಂಟೆ ನಲವತ್ತು ನಿಮಿಷಗಳ ಚಿತ್ರೀಕರಣದಲ್ಲಿ. ಈಚೆಗೆ ಅದನ್ನು ಮತ್ತೊಮ್ಮೆ, ಈ ಬಾರಿ ದೊಡ್ಡ ಪರದೆಯ ಟಿ.ವಿ.ಗೆ ಒಳ್ಳೆಯ ಸ್ಪೀಕರ್ ಜೋಡಿಸಿಕೊಂಡು, ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿ ನಾಟಕಗಳ ಊರೆಂದು ಹೆಸರಾದ ದಾವಣಗೆರೆಯವನಾಗಿ ನೋಡಿದ್ದರಿಂದ ನನಗೆ ಕಂಡ ಗುಣದೋಷಗಳು ನ್ಯೂಯಾರ್ಕಿನ ವಿಮರ್ಶಕರಿಗೆ ಕಂಡವುಗಳಿಗಿಂತ ಸ್ವಲ್ಪ ಬೇರೆಯಾಗಿರಬಹುದು.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ, ಅನಾಥನಾಗಿ ಬೆಳೆದು, ನ್ಯೂಯಾರ್ಕಿಗೆ ಬಂದು, ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ನನ ಬಲಗೈಯಾಗಿ, ಮುಂದೆ ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿಯಾದ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನ ಬದುಕು ಇದರ ವಸ್ತು. 1804ರಲ್ಲಿ, ಆಗ ಉಪಾಧ್ಯಕ್ಷನಾಗಿದ್ದ ಏರನ್ ಬರ್ ಎಂಬಾತ ದ್ವಂದ್ವಯುದ್ಧದಲ್ಲಿ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನಾಟಕದ ಮಜಾ ಏನೆಂದರೆ, ಆ ಬರ್‌ನೇ ಇಲ್ಲಿ ಸೂತ್ರಧಾರ. ಕೊಂದವನು ತಾನೇ ಎಂದು ಮೊದಲ ಹಾಡಿನಲ್ಲಿಯೇ ಹೇಳಿ ಕಥೆ ಶುರುಮಾಡುತ್ತಾನೆ. ಸೂತ್ರಧಾರನೇ ನಾಯಕನ ಹಂತಕನಾಗುವ ಈ ಜಾಣತನವನ್ನು ಬರೆದವರು ಲಿನ್-ಮ್ಯಾನುಯೆಲ್ ಮಿರಾಂಡಾ. ಕಥೆ, ಹಾಡು, ಸಂಗೀತ ಮೂರೂ ಅವರದೇ, ಹ್ಯಾಮಿಲ್ಟನ್ನನ ಪಾತ್ರವೂ ಅವರದೇ. 2016ರಲ್ಲಿ ಈ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಅಮೆರಿಕದ ರಂಗಭೂಮಿಗೆಂದೇ ಇರುವ ಟೋನಿ ಪ್ರಶಸ್ತಿಗಳಲ್ಲಿ ಹನ್ನೊಂದೂ ಬಂದವು.

ಬಿಳಿಯರಾಗಿದ್ದ ಆ ಚರಿತ್ರೆಯ ನಾಯಕರ ಪಾತ್ರಗಳನ್ನು ಕರಿಯ, ಲ್ಯಾಟಿನೋ ಮತ್ತು ಏಷ್ಯಾ ಮೂಲದ ನಟರು ಮಾಡಿರುವುದರ ಬಗ್ಗೆ ಅಲ್ಲಿ ಬಹಳ ಚರ್ಚೆಯಾಯಿತು. ನಮಗೆ ಅದರಲ್ಲಿ ಕಣ್ಣರಳಿಸುವಂಥದ್ದು ಅಷ್ಟಾಗಿ ಇಲ್ಲ. ಗಂಡಸರು ಸ್ತ್ರೀಪಾತ್ರ ಮಾಡಿದ್ದನ್ನು ಕಂಡವರು ನಾವು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಮೀಸೆ ಅಂಟಿಸಿಕೊಂಡು ರಂಗದ ಮೇಲೆ ಗರ್ಜಿಸಿದ ಆರ್. ನಾಗರತ್ನಮ್ಮನವರ ನಾಡಿನವರು ನಾವು. ಪಾತ್ರ ಬೇರೆ, ಪಾತ್ರಧಾರಿಯ ಮೈ ಬೇರೆ ಎಂಬುದು ನಮ್ಮ ಪ್ರೇಕ್ಷಕನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ವಿಷಯಕ್ಕೆ ಬರೋಣ. ಸಿನಿಮಾ ಎಂಬುದು ಇರುವಾಗ, ನಾಟಕವನ್ನು ನಾಟಕವಾಗಿಯೇ ಚಿತ್ರೀಕರಿಸಿದ್ದನ್ನು ಯಾಕೆ ನೋಡಬೇಕು? ಈ ಪ್ರಶ್ನೆಗೆ ಅಮೆರಿಕದವರು ಕೊಡುವ ಉತ್ತರ ಟಿಕೆಟ್ಟಿನ ಬೆಲೆ. ಅದು ನಿಜವೂ ಹೌದು. ನ್ಯೂಯಾರ್ಕಿನಲ್ಲಿ ಈ ನಾಟಕ ನಡೆಯುತ್ತಿದ್ದ, ಸುಮಾರು 1,300 ಆಸನಗಳ ರಂಗಮಂದಿರದಲ್ಲಿ 2016ರಲ್ಲಿ ಅತ್ಯಂತ ದುಬಾರಿ ಟಿಕೆಟ್ಟಿನ ಬೆಲೆಯನ್ನು 849 ಡಾಲರಿಗೆ ಏರಿಸಲಾಗಿತ್ತು. ಆದರೆ ಭಾರತದ ಪ್ರೇಕ್ಷಕನಿಗೆ, ಅದರಲ್ಲೂ ಸಿನಿಮಾ ಹಾಡುಗಳ ನಡುವೆಯೇ ಬೆಳೆದವನಿಗೆ, ಇನ್ನೊಂದು ಗಟ್ಟಿಯಾದ ಕಾರಣವಿದೆ: ಹಾಡುತ್ತಿರುವ ಕಂಠವೂ ಕುಣಿಯುತ್ತಿರುವ ಮೈಯೂ ಇಲ್ಲಿ ಒಬ್ಬರದೇ. ನಮ್ಮ ಸಿನಿಮಾದಲ್ಲಿ ಹಾಡು ಸ್ಟುಡಿಯೋದಲ್ಲಿ ಒಬ್ಬರ ಗಂಟಲಿನಿಂದ ಹುಟ್ಟಿ, ಬೆಟ್ಟದ ಮೇಲೆ ಇನ್ನೊಬ್ಬರ ತುಟಿಗೆ ಹೋಗಿ ಕೂರುತ್ತದೆ. ಗುಬ್ಬಿ ಕಂಪನಿಯ ರಂಗದಿಂದ ಬಂದ, ಹಾಡಬಲ್ಲ ನಟರಾದ ರಾಜ್‌ಕುಮಾರ್ ಅವರಿಗೂ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರೇ ಹಾಡಿದ್ದು; ತಮ್ಮ ಹಾಡನ್ನು ತಾವೇ ಹಾಡುವುದು ಅವರಿಗೆ ರೂಢಿಯಾದದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಕಂಪನಿ ನಾಟಕದಲ್ಲಿಯಾದರೆ ಕಂಠವಿಲ್ಲದವನಿಗೆ ರಾಜಪಾರ್ಟು ಸಿಗುತ್ತಿರಲಿಲ್ಲ. ಹೀಗೆ ನಮ್ಮ ತೆರೆಯ ಮೇಲಿನಿಂದ ಮರೆಯಾದ ಹಾಡುವ ನಟ ‘ಹ್ಯಾಮಿಲ್ಟನ್’ ಚಿತ್ರೀಕರಣದಲ್ಲಿ ನಮಗೆ ಮತ್ತೆ ಸಿಗುತ್ತಾನೆ, ಅದೂ ಎರಡು ಮಾರು ದೂರದಿಂದ.

ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಪಾತ್ರ ಮಾಡಿರುವ ಜೊನಾಥನ್ ಗ್ರಾಫ್ ಅವರ ಮೊದಲ ಹಾಡನ್ನೇ ತೆಗೆದುಕೊಳ್ಳಿ. ತಲೆಯ ಮೇಲೆ ಕಿರೀಟ, ಹೆಗಲ ಮೇಲೆ ನಿಲುವಂಗಿ. ಅವರು ಹೆಚ್ಚುಕಡಿಮೆ ನಿಂತಲ್ಲೇ ನಿಂತು ಹಾಡುತ್ತಾರೆ. ಕ್ಯಾಮೆರಾ ಅವರ ಮುಖದ ಹತ್ತಿರಕ್ಕೆ ಬಂದಾಗ, ಅಕ್ಷರಗಳನ್ನು ಒತ್ತಿ ಉಚ್ಚರಿಸುವ ಭರದಲ್ಲಿ ಬಾಯಿಂದ ಸಿಡಿಯುವ ಉಗುಳಿನ ಹನಿಗಳು ದೀಪದ ಬೆಳಕಿನಲ್ಲಿ ಹೊಳೆಯುತ್ತವೆ, ಜೊಲ್ಲಿನ ಒಂದು ಎಳೆ ಗದ್ದಕ್ಕೆ ಇಳಿಯುತ್ತದೆ, ಅವರು ಒರೆಸಿಕೊಳ್ಳುವುದಿಲ್ಲ. ಸಿನಿಮಾ ಆಗಿದ್ದರೆ ‘ಕಟ್’ ಎಂದು ಕೂಗಿ, ಮುಖ ಒರೆಸಿ, ಪೌಡರ್ ಹಚ್ಚಿ, ಇನ್ನೊಂದು ಟೇಕ್ ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಅದನ್ನು ಬಿಟ್ಟಿದ್ದಾರೆ. ಬಿಟ್ಟಿದ್ದರಿಂದಲೇ ಆ ದೊರೆಯ ಮುದ್ದಾದ ದನಿಯ ಹಿಂದಿನ ಹುಚ್ಚು ನಮಗೆ ಕಾಣುತ್ತದೆ. ರಂಗಮಂದಿರದಲ್ಲಿ ಹಣ ತೆತ್ತು ಹತ್ತನೆಯ ಸಾಲಿನಲ್ಲಿ ಕುಳಿತವನಿಗೂ ಇದು ಕಂಡಿರಲಾರದು.

ಚಿತ್ರೀಕರಣ ಹೇಗಾಯಿತು ಎಂಬುದನ್ನು ತಿಳಿದರೆ ಈ ಹತ್ತಿರದ ನೋಟದ ಗುಟ್ಟು ಗೊತ್ತಾಗುತ್ತದೆ. ನಾಟಕವನ್ನು ನಿರ್ದೇಶಿಸಿದ ಥಾಮಸ್ ಕೈಲ್ ಅವರೇ ಚಿತ್ರೀಕರಣವನ್ನೂ ನಿರ್ದೇಶಿಸಿದರು. ಛಾಯಾಗ್ರಾಹಕರು ಡೆಕ್ಲನ್ ಕ್ವಿನ್. ಮೂರು ದಿನಗಳ ಅವಧಿಯಲ್ಲಿ, ಪ್ರೇಕ್ಷಕರಿದ್ದ ಎರಡು ಪ್ರದರ್ಶನಗಳನ್ನು, ಭಾನುವಾರ ಮಧ್ಯಾಹ್ನದ್ದೊಂದು ಮತ್ತು ಮಂಗಳವಾರ ಸಂಜೆಯದೊಂದು, ಪೂರ್ತಿಯಾಗಿ ಸೆರೆಹಿಡಿದರು. ನಡುವಿನ ಸಮಯದಲ್ಲಿ, ಖಾಲಿ ರಂಗಮಂದಿರದಲ್ಲಿ, ಆಯ್ದ ಕೆಲವು ಹಾಡುಗಳನ್ನು ಮತ್ತೆ ಆಡಿಸಿ ಕ್ರೇನು, ಮೈಗೆ ಕಟ್ಟಿಕೊಂಡು ಓಡಾಡಿದರೂ ಚಿತ್ರ ಅಲುಗದ ಸ್ಟೆಡಿಕ್ಯಾಮ್ ಮುಂತಾದವನ್ನು ರಂಗದ ಮೇಲಕ್ಕೇ ತಂದು ಹತ್ತಿರದ ದೃಶ್ಯಗಳನ್ನು ತೆಗೆದರು. ಆಮೇಲೆ ಎರಡನ್ನೂ ಹೆಣೆದರು. ಇದರಿಂದ ‘ನೇರ ಪ್ರದರ್ಶನ’ ಎಂಬ ಮಾತು ಕಟ್ಟುನಿಟ್ಟಾಗಿ ಸತ್ಯವಲ್ಲ ಎಂದು ಕೆಲವರು ಮೂಗು ಮುರಿಯಬಹುದು. ನನಗೆ ಅದು ದೋಷವೆನಿಸಲಿಲ್ಲ. ಹೆಣೆದ ಜಾಗ ಎಲ್ಲಿ ಎಂದು ಹುಡುಕುತ್ತ ಕುಳಿತರೂ ಸುಲಭವಾಗಿ ಸಿಗದಷ್ಟು ನಾಜೂಕಿನ ಕೆಲಸವದು. ಮಿರಾಂಡಾ, ಬರ್ ಪಾತ್ರದ ಲೆಸ್ಲಿ ಓಡಮ್ ಜೂನಿಯರ್, ಹ್ಯಾಮಿಲ್ಟನ್ನನ ಹೆಂಡತಿ ಎಲೈಜಾ ಆಗಿರುವ ಫಿಲಿಪಾ ಸೂ, ಈ ಮೂವರೂ ಚಿತ್ರೀಕರಣವಾದ ಮುಂದಿನ ತಿಂಗಳೇ ತಂಡ ಬಿಟ್ಟರು. ಹೀಗಾಗಿ, ಒಂದು ವರ್ಷ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ವೃತ್ತಿ ರಂಗಮಂದಿರಗಳ ಪ್ರದೇಶದಲ್ಲಿ, ಆಡಿ ಆಡಿ ಹದವಾಗಿದ್ದ ಮೂಲ ತಂಡವನ್ನು ಅದು ಚದುರುವ ಮುಂಚಿನ ಗಳಿಗೆಯಲ್ಲಿ ಹಿಡಿದಂತಾಯಿತು.

ನಾಟಕದ ನಡುಭಾಗಕ್ಕೆ ಮುಂಚೆ ಬರುವ ಮದುವೆಯ ಔತಣದ ದೃಶ್ಯ ನನ್ನ ಲೆಕ್ಕದಲ್ಲಿ ಇಡೀ ಚಿತ್ರೀಕರಣದ ಶಿಖರ. ಎಲೈಜಾಳ ಅಕ್ಕ ಆಂಜೆಲಿಕಾ, ಪಾತ್ರಧಾರಿ ರೆನೇ ಎಲೀಸ್ ಗೋಲ್ಡ್ಸ್‌ಬೆರಿ, ವಧೂವರರಿಗೆ ಶುಭ ಕೋರಲು ಲೋಟ ಎತ್ತುತ್ತಾಳೆ. ಅಷ್ಟರಲ್ಲಿ ಕಾಲ ಹಿಂದಕ್ಕೆ ಸುತ್ತತೊಡಗುತ್ತದೆ: ರಂಗದ ನೆಲದಲ್ಲಿ ಒಂದರೊಳಗೊಂದು ಅಳವಡಿಸಿರುವ ಎರಡು ತಿರುಗುವ ವೃತ್ತಗಳು ಚಲಿಸುತ್ತವೆ, ಮೇಳದವರೆಲ್ಲ ಸ್ವಲ್ಪ ಮುಂಚೆ ಮಾಡಿದ್ದ ಚಲನೆಗಳನ್ನೇ ಹಿಮ್ಮುಖವಾಗಿ ಮಾಡುತ್ತಾರೆ, ಮತ್ತು ಅದೇ ಸಂಜೆಯನ್ನು, ಅವಳು ಹ್ಯಾಮಿಲ್ಟನ್ನನನ್ನು ಮೊದಲು ಕಂಡ ಗಳಿಗೆಯನ್ನು, ನಾವು ಈಗ ಅವಳ ಕಣ್ಣಿನಿಂದ ನೋಡುತ್ತೇವೆ. ತಾನು ಮೆಚ್ಚಿದವನನ್ನು ತಂಗಿಗೆ ಬಿಟ್ಟುಕೊಟ್ಟ ಕಾರಣಗಳನ್ನು ಒಂದೇ ಬಿರುಸಿನಲ್ಲಿ, ತಾಳಕ್ಕೆ ಒಂದು ಮಾತ್ರೆಯೂ ತಪ್ಪದೆ, ಅವಳು ಪಟಪಟನೆ ಹೇಳಿ ಮುಗಿಸುವಾಗ ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಆಚೆ ಹೋಗುವುದಿಲ್ಲ. ಕುತ್ತಿಗೆಯ ನರ ಬಿಗಿಯುವುದು, ಸಾಲಿನ ಕೊನೆಯಲ್ಲಿ ಎದೆ ಚಕ್ಕನೆ ಏರಿ ಇಳಿಯುವುದು, ಕಣ್ಣು ಮಾತ್ರ ನಗುತ್ತಲೇ ಇರುವುದು ಎಲ್ಲವೂ ಕಾಣುತ್ತದೆ.

ಈ ದೃಶ್ಯವನ್ನು, ಕಂಪನಿಗಳಲ್ಲಿ ಬಹಳ ವರ್ಷ ಹಾರ್ಮೋನಿಯಂ ನುಡಿಸಿ ಈಗ ಮನೆಯಲ್ಲಿಯೇ ಇರುವ ಹಿರಿಯರೊಬ್ಬರಿಗೆ ತೋರಿಸಿದೆ. ‘ಹೆಂಗನ್ನಿಸ್ತು ಮಾಸ್ತರೇ?’ ಎಂದು ಕೇಳಿದರೆ, ‘ಇಂಗ್ಲಿಷು ನಂಗೆ ತಿಳೀಲಿಲ್ಲ ಬಿಡಪ್ಪ. ಆದ್ರೆ ಆ ಹುಡ್ಗಿ ಉಸ್ರು ಎಲ್ಲಿ ತಗಂಡ್ಲು ಅನ್ನೋದು ಕಾಣ್ತೈತಲ್ಲ, ಅಷ್ಟು ಸಾಕು. ಪೆಟ್ಟಿಗೆ ಮುಂದೆ ಕುಂತೋನಿಗೆ ಬೇಕಾಗಿರೋದು ಅದೇ’ ಎಂದರು. ಈ ಬಗೆಯ ಚಿತ್ರೀಕರಣಗಳ ಆಕರ್ಷಣೆಯ ಬಗ್ಗೆ ನಾನು ಓದಿರುವ ಯಾವ ಇಂಗ್ಲಿಷ್ ವಿಮರ್ಶೆಯಲ್ಲಿಯೂ ಇಷ್ಟು ನೇರವಾದ ಮಾತು ಸಿಕ್ಕಿಲ್ಲ.

ಕ್ಯಾಮೆರಾಕ್ಕಿಂತ ಹೆಚ್ಚಿನ ಅಂಕವನ್ನು ನಾನು ಕೊಡುವುದು ಧ್ವನಿಗೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪದಗಳಿರುವ ನಾಟಕವಿದು; ಮಾತೇ ಹಾಡು, ಹಾಡೇ ಮಾತು. ಒಂದು ಸಾಲು ಕಿವಿಗೆ ತಪ್ಪಿದರೆ ಮುಂದಿನ ಹತ್ತು ಸಾಲುಗಳ ಬುಡ ತಪ್ಪುತ್ತದೆ. ನಟರು ಪುಟ್ಟ ಮೈಕುಗಳನ್ನು ಮೈಮೇಲೆಯೇ ಧರಿಸಿರುವುದರಿಂದ ಅವರು ಬೆನ್ನು ತಿರುಗಿಸಿದರೂ, ಮೆಟ್ಟಿಲು ಹತ್ತಿದರೂ ದನಿ ಒಂದೇ ಹದದಲ್ಲಿ ಇರುತ್ತದೆ. ವಾದ್ಯಗಳ ಸದ್ದು ದನಿಯ ಮೇಲೆ ಏರಿ ಕೂರುವುದಿಲ್ಲ. ಪ್ರೇಕ್ಷಕರ ಸದ್ದನ್ನಂತೂ ಬಹಳ ವಿವೇಕದಿಂದ ಉಳಿಸಿಕೊಂಡಿದ್ದಾರೆ. ನಾಯಕ ಮೊದಲ ಬಾರಿಗೆ ಮುಂದೆ ಬಂದು ತನ್ನ ಹೆಸರು ಹೇಳಿದಾಗ ಎದ್ದ ಕೂಗು, ವಲಸಿಗರು ಹಿಡಿದ ಕೆಲಸ ಮಾಡಿಯೇ ತೀರುತ್ತಾರೆ ಎಂಬ ಅರ್ಥದ ಒಂದು ಸಾಲಿಗೆ ಬಿದ್ದ ಚಪ್ಪಾಳೆ, ಇವೆಲ್ಲ ಇಲ್ಲಿವೆ. ನಮ್ಮಲ್ಲಿ ಒಳ್ಳೆಯ ರಂಗಗೀತೆಗೆ ‘ಒನ್ಸ್ ಮೋರ್’ ಬಿದ್ದರೆ ಸತ್ತುಬಿದ್ದಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ಹಿರಿಯರು ನಗುತ್ತ ಹೇಳುವುದುಂಟು. ಬ್ರಾಡ್‌ವೇಯಲ್ಲಿ ಅಷ್ಟು ಸಲಿಗೆಯಿಲ್ಲ, ಆದರೂ ಚಪ್ಪಾಳೆಗೆ ಜಾಗ ಬಿಟ್ಟು ಮುಂದಿನ ಸಾಲು ಹಿಡಿಯುವ ನಟನ ಲೆಕ್ಕಾಚಾರ ಎರಡೂ ಕಡೆ ಒಂದೇ.

ಪ್ರೇಕ್ಷಕರ ಸದ್ದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1998ರಲ್ಲಿ ಬಂದ, ‘ಕ್ಯಾಟ್ಸ್’ ಎಂಬ ಇನ್ನೊಂದು ಸಂಗೀತ ನಾಟಕದ ಚಿತ್ರೀಕರಣವನ್ನು ನೋಡಬೇಕು. ಅದನ್ನು ಲಂಡನ್ನಿನ ಅಡೆಲ್ಫಿ ರಂಗಮಂದಿರದಲ್ಲಿ ಪ್ರೇಕ್ಷಕರಿಲ್ಲದೆ ತೆಗೆದರು. ಕುಣಿತ ಅದ್ಭುತ, ಎಲೇನ್ ಪೇಜ್ ಅವರ ಹಾಡುಗಾರಿಕೆ ಕೇಳಲೇಬೇಕಾದದ್ದು. ಆದರೆ ಪ್ರತಿ ಹಾಡಿನ ಕೊನೆಗೂ ಬರುವ ಆ ಮೌನ, ಉಪ್ಪಿಲ್ಲದ ಊಟದಂತೆ, ಒಂದು ಗಂಟೆಯಾಗುವಷ್ಟರಲ್ಲಿ ದಣಿಸುತ್ತದೆ.

ಈಗ ‘ಹ್ಯಾಮಿಲ್ಟನ್’ ಚಿತ್ರೀಕರಣದ ಕೊರತೆಗಳು. ಮೊದಲನೆಯದು ಮತ್ತು ದೊಡ್ಡದು: ಎಲ್ಲಿ ನೋಡಬೇಕೆಂಬ ನಿರ್ಧಾರ ಪ್ರೇಕ್ಷಕನ ಕೈಯಲ್ಲಿಲ್ಲ. ರಂಗದ ಮೇಲೆ ಯಾವ ಗಳಿಗೆಯಲ್ಲಾದರೂ ಹದಿನೈದು ಇಪ್ಪತ್ತು ಜನ ಇರುತ್ತಾರೆ. ಆಂಡಿ ಬ್ಲಾಂಕೆನ್‌ಬ್ಯೂಲರ್ ಅವರ ನೃತ್ಯ ಸಂಯೋಜನೆಯಲ್ಲಿ ಮೂಲೆಯಲ್ಲಿ ನಿಂತವರಿಗೂ ಒಂದು ಕಥೆಯಿದೆ. ಆರಿಯಾನಾ ಡಿಬೋಸ್ ಎಂಬ ಮೇಳದ ನಟಿಯ ಚಲನೆಗಳನ್ನು ಗಮನಿಸಿದರೆ, ಅವಳು ನಾಟಕದುದ್ದಕ್ಕೂ ಸಾವಿನ ಸುತ್ತಮುತ್ತ ಸುಳಿಯುತ್ತಿರುವುದು, ಕೊನೆಯ ದ್ವಂದ್ವಯುದ್ಧದಲ್ಲಿ ಬರ್‌ನ ಪಿಸ್ತೂಲಿನಿಂದ ಹೊರಟ ಗುಂಡೇ ತಾನಾಗಿ ಗಾಳಿಯಲ್ಲಿ ನಿಧಾನವಾಗಿ ಸಾಗುವುದು ತಿಳಿಯುತ್ತದೆ. ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ಅವಳನ್ನು ಚೆನ್ನಾಗಿಯೇ ತೋರಿಸುತ್ತದೆ, ಆದರೆ ಅದಕ್ಕೆ ಮುಂಚಿನ ಸುಳಿವುಗಳಲ್ಲಿ ಎಷ್ಟೋ ಮುಖ್ಯ ಪಾತ್ರಗಳ ಮುಖ ತೋರಿಸುವ ಆತುರದಲ್ಲಿ ಚೌಕಟ್ಟಿನ ಆಚೆ ಉಳಿದುಬಿಡುತ್ತವೆ. ರಂಗಮಂದಿರದಲ್ಲಿ ಕುಳಿತವನು ಇಡೀ ಸಂಜೆ ಅವಳೊಬ್ಬಳನ್ನೇ ನೋಡುತ್ತೇನೆಂದು ಹಟ ಹಿಡಿದರೆ ನೋಡಬಹುದಿತ್ತು.

ಎರಡನೆಯ ಕೊರತೆ ಕುಣಿತದ ಹಾಡುಗಳ ಸಂಕಲನ. ಯುದ್ಧದ ದೃಶ್ಯದಲ್ಲಿ ದೃಶ್ಯತುಣುಕುಗಳು ಎಷ್ಟು ಬೇಗ ಬದಲಾಗುತ್ತವೆಂದರೆ, ಆ ತಿರುಗುವ ನೆಲ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದೇ ಕೆಲವು ಕಡೆ ಗೊತ್ತಾಗುವುದಿಲ್ಲ. ಕಣ್ಣೆದುರೇ ಕಾಡು ಅರಮನೆಯಾಗುವ ಸೀನರಿಗಳನ್ನು ಕಂಡು ಬೆರಗಾದವರಿಗೆ, ರಂಗದ ಯಂತ್ರ ಕೆಲಸ ಮಾಡುವುದನ್ನು ಪೂರ್ತಿ ನೋಡುವುದೇ ಒಂದು ಸುಖ. ಅದನ್ನು ತುಂಡು ತುಂಡಾಗಿ ಬಡಿಸಿದರೆ ಹಸಿವು ತೀರುವುದಿಲ್ಲ. ಮೇಲಿನಿಂದ ನೇರವಾಗಿ ಕೆಳಕ್ಕೆ ತೆಗೆದ ಕೆಲವು ದೃಶ್ಯಗಳಲ್ಲಿ ಮಾತ್ರ ನಟರ ಸಾಲುಗಳು ಮಾಡುವ ವಿನ್ಯಾಸ ಸ್ಪಷ್ಟವಾಗುತ್ತದೆ. ಮೂರನೆಯದು ಚಿಕ್ಕದು: ಮಕ್ಕಳೂ ನೋಡುವಂತಾಗಲಿ ಎಂದು ಒಂದೆರಡು ಕಡೆ ಬೈಗುಳದ ಸದ್ದನ್ನು ತೆಗೆದುಹಾಕಿದ್ದಾರೆ. ತಾಳದ ಮೇಲೆ ನಡೆಯುವ ನಾಟಕದಲ್ಲಿ ಒಂದು ಪೆಟ್ಟು ಖಾಲಿ ಹೋದಂತೆ ಅದು ಕಿವಿಗೆ ಚುಚ್ಚುತ್ತದೆ.

ಭಾಷೆಯ ತೊಡಕನ್ನು ಮುಚ್ಚಿಡುವುದು ಬೇಡ. ರ‍್ಯಾಪ್ ಶೈಲಿಯ ಆ ವೇಗದ ಇಂಗ್ಲಿಷು, ಅದರೊಳಗೆ ಅಮೆರಿಕದ ಚರಿತ್ರೆಯ ಹೆಸರುಗಳು, ಸಾಲಬಾಧ್ಯತೆ, ರಾಜಧಾನಿ ಎಲ್ಲಿರಬೇಕೆಂಬ ಜಗಳ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಅಡಿಬರಹ ಹಾಕಿಕೊಳ್ಳದೆ ಗತಿಯಿಲ್ಲ. ಅಡಿಬರಹ ಓದುತ್ತ ಕುಳಿತರೆ ಮುಖ ತಪ್ಪುತ್ತದೆ, ಮುಖ ನೋಡುತ್ತ ಕುಳಿತರೆ ಮಾತು ತಪ್ಪುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಹಾಡುಗಳ ಧ್ವನಿಮುದ್ರಣವನ್ನು ಮೊದಲೇ ಕೇಳಿಟ್ಟುಕೊಳ್ಳುವುದು. ಕಥೆ ಗೊತ್ತಿದ್ದೂ ಕಂಪನಿ ನಾಟಕಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದ ನಮ್ಮ ಹಿರಿಯರು ಹೋಗುತ್ತಿದ್ದುದು ಹೇಗೂ ಕಥೆ ತಿಳಿಯಲಿಕ್ಕಲ್ಲ.

ಇದೇ ಜಾತಿಯ ಇನ್ನೆರಡು ಚಿತ್ರೀಕರಣಗಳನ್ನು ಇಲ್ಲಿ ಹೇಳಬೇಕು. ‘ದ ಫ್ಯಾಂಟಮ್ ಆಫ್ ದ ಆಪೆರಾ’ ನಾಟಕಕ್ಕೆ 25 ವರ್ಷ ತುಂಬಿದಾಗ, 2011ರ ಅಕ್ಟೋಬರಿನಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದನ್ನು ಅದ್ಧೂರಿಯಾಗಿ ಆಡಿ ಚಿತ್ರೀಕರಿಸಿದರು. ರಮಿನ್ ಕರಿಮ್ಲೂ ಮತ್ತು ಸಿಯೆರಾ ಬಾಗ್ಗೆಸ್ ಅವರ ಗಾಯನಕ್ಕೆ ನಾನು ಮಾರುಹೋದೆ. ಕಂಠದ ಶಕ್ತಿಯ ಲೆಕ್ಕದಲ್ಲಿ ಇದು ‘ಹ್ಯಾಮಿಲ್ಟನ್’ಗಿಂತ ಒಂದು ಕೈ ಮೇಲು. ಆದರೆ ಆ ಸಭಾಂಗಣ ನಾಟಕಕ್ಕೆಂದು ಕಟ್ಟಿದ್ದಲ್ಲ. ಈ ನಾಟಕದ ಹೆಸರು ಹೇಳಿದರೆ ಎಲ್ಲರೂ ನೆನೆಯುವುದು ಮೇಲಿನಿಂದ ಕಳಚಿ ಬೀಳುವ ದೀಪಗೊಂಚಲನ್ನು. ಅದು ಇಲ್ಲಿ ಬೀಳುವುದೇ ಇಲ್ಲ, ಕಿಡಿ ಸಿಡಿಸಿ ಸುಮ್ಮನಾಗುತ್ತದೆ. ಕೋವಿಡ್ ಕಾಲದ 2020ರ ಏಪ್ರಿಲ್‌ನಲ್ಲಿ ಇದನ್ನು ಯೂಟ್ಯೂಬಿನಲ್ಲಿ ಕೆಲವೇ ದಿನ ಉಚಿತವಾಗಿ ತೋರಿಸಿದ್ದರು. ಇದೇ ನಾಟಕ 2025ರ ಮಾರ್ಚ್‌ನಲ್ಲಿ ಮುಂಬಯಿಯ ನೀತಾ ಮುಕೇಶ್ ಅಂಬಾನಿ ಕಲ್ಚರಲ್ ಸೆಂಟರಿಗೂ ಬಂತು. ಅಂಥ ಪ್ರದರ್ಶನ ಬಂದಾಗ ದಾವಣಗೆರೆಯಿಂದ ರೈಲು ಹಿಡಿದು, ಟಿಕೆಟ್ಟಿಗೂ ವಸತಿಗೂ ದುಡ್ಡು ಹೊಂದಿಸಿಕೊಂಡು ಹೋಗಬಲ್ಲವರು ಹೋಗಿ ನೋಡುವುದೇ ಒಳ್ಳೆಯದು. ಎಷ್ಟು ಚೆಂದದ ಚಿತ್ರೀಕರಣವೂ ಸಾವಿರ ಜನರ ನಡುವೆ ಕುಳಿತು ನೋಡುವುದಕ್ಕೆ ಸಮನಲ್ಲವೆಂಬುದನ್ನು ನಾನೇನೂ ಅಲ್ಲಗಳೆಯುವುದಿಲ್ಲ.

ಇನ್ನೊಂದು, 2021ರ ಸೆಪ್ಟೆಂಬರಿನಲ್ಲಿ ಆಪಲ್ ಟಿ.ವಿ. ಪ್ಲಸ್‌ನಲ್ಲಿ ಬಂದ ‘ಕಮ್ ಫ್ರಮ್ ಅವೇ’. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ, ಕೆನಡಾದ ಗ್ಯಾಂಡರ್ ಎಂಬ ಪುಟ್ಟ ಊರಿನಲ್ಲಿ 38 ವಿಮಾನಗಳು ಇಳಿದು, ಸುಮಾರು ಏಳು ಸಾವಿರ ಪ್ರಯಾಣಿಕರಿಗೆ ಊರವರು ಅನ್ನ ನೀರು ಕೊಟ್ಟು ನೋಡಿಕೊಂಡ ಕಥೆ. ಹನ್ನೆರಡೇ ನಟರು, ಒಂದಷ್ಟು ಕುರ್ಚಿ ಮೇಜು, ಅಷ್ಟೇ ಸರಂಜಾಮು. ಕುರ್ಚಿಗಳನ್ನು ಸಾಲಾಗಿ ಇಟ್ಟರೆ ವಿಮಾನ, ಗುಂಪಾಗಿ ಇಟ್ಟರೆ ಊರಿನ ಹೋಟೆಲು. ಟೊಪ್ಪಿಗೆ ಬದಲಿಸಿದರೆ ಅದೇ ನಟ ಬೇರೆ ಪಾತ್ರ. ಶಿವಸಂಚಾರ ಎಂಬ ತಿರುಗಾಟದ ತಂಡದ ನಾಟಕಗಳನ್ನು ಊರೂರಿನಲ್ಲಿ ನೋಡಿದವರಿಗೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ನಾಟಕೋತ್ಸವ ಕಂಡವರಿಗೆ, ಈ ಬಗೆಯ ರಂಗಭಾಷೆ ಕೂಡಲೇ ಒಗ್ಗುತ್ತದೆ. ಇಂಗ್ಲಿಷ್ ಕೂಡ ‘ಹ್ಯಾಮಿಲ್ಟನ್’ನಷ್ಟು ಕಾಡುವುದಿಲ್ಲ. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ಹೊರದೇಶದ ಈ ಅಚ್ಚುಕಟ್ಟುತನವನ್ನು ನೋಡುವಾಗ ನಮ್ಮ ಊರಿನ ನೆನಪಾಗದೆ ಇರುವುದಿಲ್ಲ. ಚಿಂದೋಡಿ ವೀರಪ್ಪನವರ, ಆಮೇಲೆ ಅವರ ಮಗಳು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಕ್ಯಾಂಪು ಹಾಕಿದ ಊರುಗಳಲ್ಲೆಲ್ಲ ದಾವಣಗೆರೆಯ ಹೆಸರು ಹೇಳಿಸಿತು. ಲೀಲಾ ಅವರ ಗತ್ತು, ಮಾತಿನ ಓಟ, ಒಂದು ನೋಟಕ್ಕೆ ಗಲಾಟೆಯ ಪೆಂಡಾಲು ಸುಮ್ಮನಾಗುತ್ತಿದ್ದುದು, ಇವುಗಳನ್ನು ಈಗಿನ ಹುಡುಗರು ಕೇಳಬೇಕಾದದ್ದು ದೊಡ್ಡವರ ಬಾಯಿಂದಲೇ. 2010ರಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ 1970ರಿಂದಲೂ ರಂಗಪ್ರದರ್ಶನಗಳ ಚಿತ್ರೀಕರಣಗಳನ್ನು ಕೂಡಿಡುವ ಒಂದು ವಿಭಾಗವಿದೆ. ಅಲ್ಲಿನ ಸಂಗ್ರಹವನ್ನು ಅಲ್ಲಿಗೇ ಹೋಗಿ, ಅನುಮತಿ ಪಡೆದು ನೋಡಬೇಕೇ ಹೊರತು ಮನೆಗೆ ತರುವಂತಿಲ್ಲ. ಆದರೂ ಇದೆ ಎಂಬುದು ದೊಡ್ಡದು. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ಒಂದು ರಂಗಾಯಣ ಆಗಿರುವ ಈ ಕಾಲದಲ್ಲಿ, ಇನ್ನೂ ಹಾಡಬಲ್ಲ ಹಳೆಯ ಕಲಾವಿದರನ್ನು ರಂಗದ ಮೇಲೆಯೇ ನಿಲ್ಲಿಸಿ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿ, ಇಡೀ ನಾಟಕವನ್ನು ಚಿತ್ರೀಕರಿಸುವ ಕೆಲಸ ತಡಮಾಡದೆ ನಡೆಯಬೇಕಾದದ್ದು.

ಚಿತ್ರೀಕರಣ ಎಂದರೆ ಈಗ ನಮ್ಮಲ್ಲಿ ನಡೆಯುತ್ತಿರುವ ರೀತಿಯದ್ದಲ್ಲ. ಊರಿನ ಹವ್ಯಾಸಿ ತಂಡವೊಂದು ಹಾಡುಗಳಿರುವ ನಾಟಕವನ್ನು ಆಡಿ, ಮದುವೆ ವಿಡಿಯೋ ತೆಗೆಯುವವರೊಬ್ಬರಿಂದ ಚಿತ್ರೀಕರಣ ಮಾಡಿಸಿತ್ತು. ಸಭಾಂಗಣದ ಕೊನೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದೇ ಕ್ಯಾಮೆರಾ. ದನಿ ಹಿಡಿಯಲು ಕ್ಯಾಮೆರಾದ್ದೇ ಮೈಕು. ಎಂಟು ಜನ ಕಷ್ಟಪಟ್ಟು ಕಲಿತ ಮೇಳದ ಹಾಡಿನಲ್ಲಿ ನನಗೆ ಕೇಳಿಸಿದ್ದು ಫ್ಯಾನಿನ ಸದ್ದು, ಹಿಂದಿನ ಸಾಲಿನ ಮಗುವಿನ ರಗಳೆ, ಯಾರದೋ ಮೊಬೈಲಿನ ರಿಂಗು. ಕಾಣಿಸಿದ್ದು ಬಿಳಿಚಿಕೊಂಡ ಮುಖಗಳು, ಏಕೆಂದರೆ ರಂಗದ ದೀಪ ಉರಿದಾಗ ಕ್ಯಾಮೆರಾದ ಬೆಳಕಿನ ಹದವನ್ನು ಯಾರೂ ಸರಿಪಡಿಸಿರಲಿಲ್ಲ. ಆ ತಂಡದ ಬಳಿ ಕ್ರೇನಿಗೆ ದುಡ್ಡಿಲ್ಲ, ನಿಜ. ಆದರೆ ಧ್ವನಿವರ್ಧಕದವರ ಮಿಕ್ಸರಿನಿಂದ ಒಂದು ವೈರನ್ನು ನೇರವಾಗಿ ರೆಕಾರ್ಡರಿಗೆ ಕೊಟ್ಟುಕೊಳ್ಳಲು, ಪ್ರೇಕ್ಷಕರ ಸದ್ದಿಗೆಂದು ಇನ್ನೊಂದು ಮೈಕನ್ನು ಬೇರೆ ಇಡಲು, ಎರಡನೆಯ ಕ್ಯಾಮೆರಾವನ್ನು ರಂಗದ ಪಕ್ಕದಲ್ಲಿ ನಿಲ್ಲಿಸಲು, ನಾಟಕ ಗೊತ್ತಿರುವ ಒಬ್ಬರನ್ನು ಕ್ಯಾಮೆರಾದವರ ಪಕ್ಕ ಕೂರಿಸಿ ‘ಈಗ ಇವರು ಹಾಡುತ್ತಾರೆ’ ಎಂದು ಹೇಳಿಸಲು ಕೋಟಿ ರೂಪಾಯಿ ಬೇಡ. ತಾಲೀಮಿನ ಕೊನೆಯ ದಿನ ಖಾಲಿ ರಂಗದ ಮೇಲೆ ಮೂರು ನಾಲ್ಕು ಹಾಡುಗಳನ್ನು ಹತ್ತಿರದಿಂದ ತೆಗೆದಿಟ್ಟುಕೊಂಡು ಆಮೇಲೆ ಸೇರಿಸಿದರೆ, ಥಾಮಸ್ ಕೈಲ್ ಮಾಡಿದ ಉಪಾಯವನ್ನೇ ಬಡವರ ಖರ್ಚಿನಲ್ಲಿ ಮಾಡಿದಂತಾಯಿತು.

ನೋಡಲು ಹೊರಡುವವರಿಗೆ ಕೊನೆಯದಾಗಿ ಒಂದಿಷ್ಟು ಸೂಚನೆ. ‘ಹ್ಯಾಮಿಲ್ಟನ್’ ಅನ್ನು ಮೊಬೈಲಿನಲ್ಲಿ ನೋಡಬೇಡಿ. ಗುಂಪಿನ ದೃಶ್ಯಗಳು ಇರುವೆ ಸಾಲಾಗಿಬಿಡುತ್ತವೆ. ಟಿ.ವಿ.ಯ ಸ್ಪೀಕರ್ ಸಾಲದು ಎನಿಸಿದರೆ ಹೆಡ್‌ಫೋನು ಹಾಕಿಕೊಳ್ಳಿ. ನಡುವೆ ತೆರೆಯ ಮೇಲೆ ಒಂದು ನಿಮಿಷದ ವಿರಾಮ ಬರುತ್ತದೆ, ಅದನ್ನು ನಿಮ್ಮ ಅನುಕೂಲಕ್ಕೆ ಹದಿನೈದು ನಿಮಿಷ ಮಾಡಿಕೊಂಡು ಮಂಡಕ್ಕಿ ಮಿರ್ಚಿ ಮುಗಿಸಿ; ಎರಡನೆಯ ಭಾಗದಲ್ಲಿ ಮಗನ ಸಾವಿನ ನಂತರದ ಹಾಡು ಬರುವಾಗ ಕೈಯಲ್ಲಿ ತಿಂಡಿ ಇರುವುದು ಚೆನ್ನಲ್ಲ. ಮನೆಯಲ್ಲಿ ಹಾಡು ಕಲಿಯುತ್ತಿರುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಪೂರ್ತಿ ನಾಟಕಕ್ಕೆ ಅವರು ತಾಳ್ಮೆ ತೋರದಿದ್ದರೆ, ಆಂಜೆಲಿಕಾಳ ಔತಣದ ದೃಶ್ಯ ಮತ್ತು ಜಾರ್ಜ್ ದೊರೆಯ ಮೊದಲ ಹಾಡು, ಇವೆರಡನ್ನಾದರೂ ತೋರಿಸಿ.